ಏರಿಯ ಮೇಲೆ ಸೈಕಲ್ಲು

ಹೆಬ್ಬಾಳದ ಸೂಲಗಿತ್ತಿ ನಾರಾಯಣಮ್ಮನಿಗೆ ಆ ವರ್ಷ, ಎಪ್ಪತ್ತೊಂಬತ್ತರಲ್ಲಿ, ನಲವತ್ತೆರಡು ತುಂಬಿತ್ತು. ಊರ ಸುತ್ತಲ ಹೊಲಗಳು ಬಡಾವಣೆಗಳಾಗಿ, ಬಸುರಿಯರ ಮನೆಗಳು ಅವಳಿಂದ ದೂರ ದೂರವಾಗಿದ್ದವು. ನಡೆದು ತಲುಪುವಷ್ಟರಲ್ಲಿ ಎರಡು ಕೂಸುಗಳು ಅವಳಿಗಾಗಿ ಕಾಯದೆ ಹುಟ್ಟಿಬಿಟ್ಟಿದ್ದವು. ಅದನ್ನು ಕೇಳಿದ ನರ್ಸ್ ಗೋದಾ, ಕೆರೆ ಏರಿಯ ಮೇಲೆ ದಿನಾ ಬೆಳಿಗ್ಗೆ ಅವಳಿಗೆ ಸೈಕಲ್ ಕಲಿಸತೊಡಗಿದಳು.

ಒಂಬತ್ತು ದಿನ ಬಿದ್ದದ್ದೇ ಬಂತು. ಹತ್ತನೆಯ ದಿನ ಕೆರೆಯ ತುಂಬ ಮಂಜು ಕವಿದಿತ್ತು.

"ಚಕ್ರ ನೋಡ್ಬೇಡಿ ಕಣ್ರೀ, ದೂರ ನೋಡಿ," ಎಂದಳು ಗೋದಾ, ಸೀಟು ಹಿಡಿದು ಜೊತೆಗೇ ಓಡುತ್ತ.

"ದೂರ ಏನೂ ಕಾಣಾಕಿಲ್ಲ ಸಿಸ್ಟರಮ್ಮ, ಬರೀ ಬೆಳ್ಳಗೈತೆ!"

"ಅದನ್ನೇ ನೋಡಿ. ಈಗ ಕೈ ಬಿಡ್ತೀನಿ."

ನಾರಾಯಣಮ್ಮ ಆ ಬಿಳುಪನ್ನೇ ನೋಡುತ್ತ ತುಳಿದಳು. ನೆಲ ಮರೆಯಾಯಿತು, ನೀರೂ ಮರೆಯಾಯಿತು. ಮೈಗೆ ಭಾರವೇ ಇರಲಿಲ್ಲ. ಎಲ್ಲೋ ಕೊಕ್ಕರೆಗಳು ರೆಕ್ಕೆ ಬಡಿದವು. ಅವುಗಳ ಜೊತೆ ತಾನೂ ಹೊರಟಂತೆ ಅನ್ನಿಸಿತು. ತನ್ನ ಕೈಯಲ್ಲಿ ಹುಟ್ಟಿದ ಕೂಸುಗಳು ಮೊದಲು ಕಣ್ಣು ಬಿಟ್ಟಾಗ ಕಂಡದ್ದು ಇಂಥದೇ ಬೆಳಕೇನೋ ಎಂದುಕೊಂಡಳು.

"ಇಳಿಯೋದು ಎಂಗೆ ಸಿಸ್ಟರಮ್ಮ?"

"ಅದು ನಾಳೆ ಪಾಠ!"

ನಾರಾಯಣಮ್ಮ ನಗುತ್ತಲೇ ಏರಿಯ ಕೊನೆಯವರೆಗೂ ತುಳಿದು, ಹುಲ್ಲಿನ ಮೇಲೆ ಮೆತ್ತಗೆ ಉರುಳಿಕೊಂಡಳು.

ಮುಂದಿನ ವಾರ ಆರ್.ಟಿ. ನಗರದ ಕಡೆಯಿಂದ ಕರೆ ಬಂತು. ಅವಳು ಸೈಕಲ್ ತುಳಿದು ತಲುಪಿದಾಗ ನೋವು ಆಗಷ್ಟೇ ಶುರುವಾಗಿತ್ತು. ಹೆದರಿದ್ದ ಹುಡುಗಿಯ ಕೈ ಹಿಡಿದು, ನಾರಾಯಣಮ್ಮ ಅವಳ ಪಕ್ಕದಲ್ಲಿ ನಿಧಾನವಾಗಿ ಕೂತಳು.