ಹದಿನಾರು ಪುಟಗಳಿಲ್ಲದ ನಾನು

ನಾನು ಚದುರಂಗ ಕಲಿಸುವ ಒಂದು ಪುಸ್ತಕ. ಹುಬ್ಬಳ್ಳಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ಸೀಸದ ಅಚ್ಚುಮೊಳೆಗಳು ನನ್ನ ಮೈಮೇಲೆ ಅಕ್ಷರಗಳನ್ನು ಮೂಡಿಸಿದವು. ಕಪ್ಪು ಬಿಳುಪು ಮನೆಗಳ ಚಿತ್ರಗಳನ್ನು ಬ್ಲಾಕು ಮಾಡಿಸಿ ಅಚ್ಚು ಹಾಕಿದರು. ನನ್ನನ್ನು ಹೊಲಿಯುವ ಹೊತ್ತಿಗೆ ಕರೆಂಟು ಹೋಯಿತು. ಮಡಚಿದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ ಕೈ ಆ ಮಬ್ಬಿನಲ್ಲಿ ಒಂದು ಮಡಿಕೆಯನ್ನು ಬಿಟ್ಟುಬಿಟ್ಟಿತು. ಹೀಗೆ ನನ್ನಲ್ಲಿ ತೊಂಬತ್ತಾರನೆಯ ಪುಟದ ಮುಂದಿನದು ನೂರಾ ಹದಿಮೂರನೆಯ ಪುಟ. ನಡುವಿನ ಹದಿನಾರು ಪುಟಗಳು ನನಗೆ ಹುಟ್ಟಿನಿಂದಲೇ ಇಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ರಟ್ಟು ಅಂಟಿಸಿದರು, ಅಂಚು ಕತ್ತರಿಸಿದರು, ಅಂಗಡಿಗೆ ಕಳಿಸಿದರು.

ನನ್ನ ಸ್ವಭಾವ ಅನುಮಾನದ್ದು. ಅದಕ್ಕೆ ನನ್ನ ಮೊದಲ ಪಾಠವೇ ಕಾರಣ. 'ಎದುರಾಳಿ ಒಂದು ಕಾಯಿ ಸರಿಸಿದ ಕೂಡಲೇ, ಇವನು ಇದನ್ನು ಯಾಕೆ ಸರಿಸಿದ ಎಂದು ಕೇಳಿಕೊಳ್ಳಿರಿ' ಎಂದು ಅಲ್ಲಿ ಬರೆದಿದೆ. ಹೊಟ್ಟೆಯೊಳಗೆ ಇಂಥ ಮಾತನ್ನು ಇಟ್ಟುಕೊಂಡವರಿಗೆ ಯಾರನ್ನು ನಂಬಲಿಕ್ಕೆ ಬರುತ್ತದೆ? ಯಾರಾದರೂ ನನ್ನನ್ನು ಕೈಗೆತ್ತಿಕೊಂಡರೆ ಮೊದಲು ಅವರ ಬೆರಳು ನೋಡುತ್ತೇನೆ. ಉಗುಳು ಹಚ್ಚಿ ಪುಟ ತಿರುವುವವರೋ? ಮೂಲೆ ಮಡಚುವವರೋ? ಇಲ್ಲಾ, ಬರೀ ರಟ್ಟು ತೋರಿಸಿ ಮೆರೆಯುವವರೋ?

ನನ್ನನ್ನು ಕೊಂಡವರು ಗದುಗಿನ ವಕೀಲ ಗುರುಪಾದಪ್ಪನವರು. ಅವರೂ ನನ್ನ ಜಾತಿಯವರೇ, ಅಂದರೆ ಅನುಮಾನದ ಮನುಷ್ಯ. ಕೋರ್ಟಿನಲ್ಲಿ ಸಾಕ್ಷಿಗಳನ್ನು ಪ್ರಶ್ನಿಸಿ ಪ್ರಶ್ನಿಸಿ, ಮನೆಯಲ್ಲಿ ಹೆಂಡತಿ ಬಸಲಿಂಗವ್ವ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ "ಯಾವಾಗ ಹಾಕಿದಿ?" ಎಂದು ಕೇಳುತ್ತಿದ್ದರು. ಅವರು ನನ್ನ ಮೊದಲ ಭಾಗವನ್ನು ಶ್ರದ್ಧೆಯಿಂದ ಓದಿದರು. ಆಟ ಶುರುವಾದ ಕೆಲವೇ ನಡೆಗಳಲ್ಲಿ ಮಂತ್ರಿಯನ್ನೂ ಒಂಟೆಯನ್ನೂ ನುಗ್ಗಿಸಿ ಎದುರಾಳಿಯ ರಾಜನನ್ನು ಕಟ್ಟಿಹಾಕುವ ವಿದ್ಯೆ ಅಲ್ಲಿತ್ತು. ಅಷ್ಟನ್ನು ಕಲಿತು ಊರಿನಲ್ಲಿ ಎಲ್ಲರನ್ನೂ ಸೋಲಿಸತೊಡಗಿದರು. ಆಟ ಅಲ್ಲಿಗೇ ಮುಗಿಯುತ್ತಿದ್ದುದರಿಂದ ಮುಂದಿನ ಪಾಠ ಅವರಿಗೆ ಬೇಕಾಗಲಿಲ್ಲ. ನನ್ನನ್ನು ಮುಚ್ಚಿ, ಗಾಜಿನ ಬೀರುವಿನಲ್ಲಿ ಹೊರಗಿನವರಿಗೆ ಕಾಣುವ ಹಾಗೆ ನಿಲ್ಲಿಸಿದರು.

ಪಕ್ಕದ ಬೆಟಗೇರಿಯಲ್ಲಿ ಹೋಮಿಯೋಪತಿ ಡಾಕ್ಟರ್ ಬಾಕಳೆಯವರ ದವಾಖಾನೆ ಇತ್ತು. ರವಿವಾರ ಮಧ್ಯಾಹ್ನ ರೋಗಿಗಳು ಇರುತ್ತಿರಲಿಲ್ಲ. ಅವರು ಕೂರುವ ಬೆಂಚುಗಳ ಮೇಲೆ ಊರಿನ ಓದುವ ಮಂದಿ ಬಂದು ಕೂರುತ್ತಿದ್ದರು. ಈ ವಾರ ಏನು ಓದುತ್ತಿದ್ದೇನೆ ಎಂದು ಒಬ್ಬೊಬ್ಬರೂ ಹೇಳಬೇಕು, ಹಿಡಿಸಿದ ಪುಸ್ತಕವನ್ನು ಇನ್ನೊಬ್ಬರಿಗೆ ಓದಲು ಕೊಡಬೇಕು; ಅದೊಂದೇ ನಿಯಮ. ಡಾಕ್ಟರು ಜೇನುಹುಳಗಳ ಬಗ್ಗೆ ಒಂದು ಪುಸ್ತಕ ಓದಿ ತಿಂಗಳುಗಟ್ಟಲೆ ಅದನ್ನೇ ಮಾತಾಡಿದ್ದರು. ಕೊಲೆಗಾರ ಯಾರೆಂದು ಕೊನೆಯಲ್ಲಿ ತಿಳಿಯುವ ಪತ್ತೇದಾರಿ ಕಾದಂಬರಿಯ ಕೊನೆಯನ್ನೇ ಮೊದಲು ಹೇಳಿ ಬೈಸಿಕೊಂಡವರೂ ಅಲ್ಲಿದ್ದರು.

ಆ ಬೆಂಚಿಗೆ ಒಂದು ರವಿವಾರ ಸುಗಂಧಿ ಪ್ರಭು ಬಂದರು. ಮಂಗಳೂರಿನ ಕಡೆಯವರು. ಮಹಿಳಾ ಕಾಲೇಜಿಗೆ ಸಸ್ಯಶಾಸ್ತ್ರ ಕಲಿಸಲು ವರ್ಗವಾಗಿ ಬಂದಿದ್ದರು. ಊರಿನಲ್ಲಿ ಯಾರ ಪರಿಚಯವೂ ಇರಲಿಲ್ಲ. ಕಡಲ ಚಿಪ್ಪುಗಳ ಬಗ್ಗೆ ತಾವು ಓದುತ್ತಿದ್ದ ಪುಸ್ತಕವನ್ನು ಡಾಕ್ಟರಿಗೆ ಕೊಟ್ಟು, ನನ್ನ ಕಡೆ ತಿರುಗಿದರು. ವಕೀಲರು ಅಂದು ಎಲ್ಲರಿಗೂ ತೋರಿಸಲೆಂದು ನನ್ನನ್ನು ತಂದಿದ್ದರು.

"ಅಲ್ಲ ಸರ್, ಪುಸ್ತಕ ಓದಿ ಚೆಸ್ ಕಲೀಲಿಕ್ಕೆ ಆಗ್ತದಾ?"

"ಯಾಕ ಆಗೂದಿಲ್ಲರೀ? ನಾ ಕಲ್ತಿಲ್ಲೇನು? ಈ ಪುಸ್ತಕ ಮದಲಿಂದ ಕಡೀತನಕ ಅರದು ಕುಡದೇನಿ."

"ಹಾಗಾದ್ರೆ ನಂಗೆ ಕೊಡ್ತೀರಾ?"

ವಕೀಲರು ಒಮ್ಮೆ ಅವರ ಕೈಗಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಿಯಮ ಮುರಿಯುವ ಹಾಗಿರಲಿಲ್ಲ. "ಹೆಂಗ ಕೊಡ್ತೀನೋ ಹಂಗ ವಾಪಸ್ ಬರಬೇಕು ನೋಡ್ರಿ ಬಾಯಾರ," ಎಂದು ಕೊಟ್ಟರು. ಮೇಡಂ ಎನ್ನುವುದಕ್ಕೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ.

ಸುಗಂಧಿಯವರ ಬಾಡಿಗೆ ಕೋಣೆಯಲ್ಲಿ ಮೊದಲು ನನಗೂ ನೆಮ್ಮದಿ ಇರಲಿಲ್ಲ. ಚಹಾದ ಲೋಟವನ್ನು ನನ್ನ ಮೇಲೆ ಇಟ್ಟಾರು ಎಂದು ಕಾದೆ. ಇಡಲಿಲ್ಲ. ಪ್ಲಾಸ್ಟಿಕ್ ಕಾಯಿಗಳ ಒಂದು ಡಬ್ಬಿ ತಂದು, ನಾನು ಹೇಳಿದ ಒಂದೊಂದು ನಡೆಯನ್ನೂ ಬೋರ್ಡಿನ ಮೇಲೆ ಆಡಿ ನೋಡುತ್ತಿದ್ದರು. ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗುತ್ತಿದ್ದರು. ಹಾಗೆ ನಿಧಾನವಾಗಿ ಬಂದು ತೊಂಬತ್ತಾರನೆಯ ಪುಟದಲ್ಲಿ ನಿಂತರು. ಆಟದ ಕೊನೆಯಲ್ಲಿ ಇಬ್ಬರು ರಾಜರೂ ಒಂದೇ ಒಂದು ಕಾಲಾಳೂ ಉಳಿದಾಗ ಏನು ಮಾಡಬೇಕು ಎಂಬ ಪಾಠ ಅಲ್ಲಿ ಆರಂಭವಾಗಿತ್ತು. ಪುಟ ತಿರುವಿದರೆ ಬೇರೇನೋ. ಹಿಂದೆ ಮುಂದೆ ತಿರುವಿದರು. ನನ್ನನ್ನು ತಲೆಕೆಳಗಾಗಿ ಹಿಡಿದು ಕೊಡವಿದರು ಕೂಡ.

ಮುಂದಿನ ರವಿವಾರ ದವಾಖಾನೆಯಲ್ಲಿ ಎಲ್ಲರ ಎದುರೇ ಹೇಳಿದರು. "ಸರ್, ಇದ್ರಲ್ಲಿ ನಡುವೆ ಹದಿನಾರು ಪುಟ ಇಲ್ಲ. ಕೊನೆಗೆ ಒಂದೇ ಕಾಲಾಳು ಉಳಿದಾಗ ಆಡುವ ಪಾಠವೇ ಇಲ್ಲ."

ವಕೀಲರ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅರೆದು ಕುಡಿದಿದ್ದೇನೆ ಎಂದವರು ಈಗ, ಹೌದೇ, ನನಗೆ ಗೊತ್ತೇ ಇರಲಿಲ್ಲ ಎನ್ನುವುದು ಹೇಗೆ? "ನಾ ಕೊಡೂಮುಂದ ಎಲ್ಲಾ ಪುಟ ಇದ್ದೂ," ಎಂದರು.

"ಇರ್ಲೇ ಇಲ್ಲ ಸರ್. ನಾನು ಹರೀಲಿಲ್ಲ."

"ಹರದೀರಿ ಅಂತ ನಾ ಎಲ್ಲೆ ಅಂದೆ? ಆ ಪುಟ ತಂದ ಕೊಡ್ರಿ, ಆಮ್ಯಾಲೆ ಪುಸ್ತಕ ತಗೋತೀನಿ."

ಅಷ್ಟು ಸಾಕಾಯಿತು. ಬಾಯಿಲ್ಲದ ನಾನು ಅವರಿಬ್ಬರ ನಡುವೆ ಬೆಂಚಿನ ಮೇಲೆ ಬಿದ್ದಿದ್ದೆ. ಇಲ್ಲದ ಪುಟಗಳನ್ನು ಸುಗಂಧಿಯವರು ಎಲ್ಲಿಂದ ತಂದಾರು? ಅಂದು ಅವರಿಗೆ ಯಾರೂ ಪುಸ್ತಕ ಕೊಡಲಿಲ್ಲ. ಅದರ ಮುಂದಿನ ವಾರವೂ ಕೊಡಲಿಲ್ಲ. "ನಮ್ಮನಿಯವರು ಇನ್ನೂ ಓದಾಕ ಹತ್ಯಾರ್ರೀ," ಎಂದು ನೆಪ ಹೇಳಿದರು. ಮಾತು ಕಾಲೇಜಿಗೂ ಮುಟ್ಟಿತು. ಅವರು ಗ್ರಂಥಾಲಯಕ್ಕೆ ಹೋದರೆ ಅಲ್ಲಿಯವರು ನಗುತ್ತಲೇ, "ಮೇಡಂ, ಪುಟ ಎಣಿಸಿ ಕೊಡ್ಲ್ಯಾ?" ಎಂದರಂತೆ. ಅಂದು ಮನೆಗೆ ಬಂದು ಸುಗಂಧಿಯವರು ಚಪ್ಪಲಿ ಕೂಡ ಬಿಡದೆ ನನ್ನ ಎದುರು ಕೂತು ಪುಟಗಳ ಅಂಕಿಗಳನ್ನು ಮತ್ತೊಮ್ಮೆ ಎಣಿಸಿದರು.

ಆಮೇಲೆ ಎದ್ದು ಬೋರ್ಡು ಹಾಸಿದರು. ಇಬ್ಬರು ರಾಜರನ್ನೂ ಒಂದು ಕಾಲಾಳನ್ನೂ ಇಟ್ಟರು. "ಇಲ್ಲದ್ರೆ ಇಲ್ಲ. ನಾನೇ ಹುಡುಕ್ತೇನೆ," ಎಂದರು.

ಕಾಲೇಜಿನಿಂದ ಬಂದ ಕೂಡಲೇ ಅದೇ ಕೆಲಸ. ಒಂದು ಕಡೆ ಕೂತು ಬಿಳಿಯ ರಾಜನನ್ನು ನಡೆಸುತ್ತಿದ್ದರು, ಎದ್ದು ಆ ಕಡೆ ಹೋಗಿ ಕಪ್ಪು ರಾಜನನ್ನು ನಡೆಸುತ್ತಿದ್ದರು. ಇಬ್ಬರು ರಾಜರು ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ, ಯಾರು ನಡೆಯಲೇಬೇಕೋ ಅವನೇ ದಾರಿ ಬಿಡಬೇಕಾಗುತ್ತದೆ ಎಂದು ಒಂದು ಸಂಜೆ ಅವರಿಗೆ ಹೊಳೆಯಿತು. "ಅಯ್ಯೋ ಮಾರಾಯ್ರೆ!" ಎಂದು ಒಬ್ಬರೇ ಕೂಗಿಕೊಂಡರು.

ಆ ಉತ್ಸಾಹದಲ್ಲಿ ನನ್ನ ಉಳಿದ ಪುಟಗಳನ್ನೂ ಓದಲು ಕೂತರು. ಕೊನೆಯ ಭಾಗದಲ್ಲಿ ಎರಡು ಹಾಳೆಗಳು ಮೇಲಿನ ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಹಾಳೆಯ ಮೂಲೆ ಒಳಕ್ಕೆ ಮಡಚಿಹೋಗಿ ಕತ್ತರಿಸುವ ಯಂತ್ರ ಅದನ್ನು ಮುಟ್ಟಿರಲಿಲ್ಲ. ಬಿಡಿಸದೆ ಅದರೊಳಗಿನದನ್ನು ಯಾರೂ ಓದಲಾರರು. ಸುಗಂಧಿಯವರು ಚಾಕು ತಂದರು. ಆ ಕೂಡಿದ ಅಂಚನ್ನು ಒಮ್ಮೆ ನೋಡಿದರು. ಚಾಕುವನ್ನು ಹಾಗೇ ಕೆಳಗಿಟ್ಟು ನನ್ನನ್ನು ಮುಚ್ಚಿದರು. ನನಗೆ ಅನುಮಾನ ಬಂತು. ಈಕೆ ಈ ನಡೆಯನ್ನು ಯಾಕೆ ಮಾಡಿದರು?

ಒಂದು ರವಿವಾರ ವಕೀಲರೇ ಕೆಣಕಿದರು. "ಏನ್ರಿ ಬಾಯಾರ, ಕಲ್ತೀರೇನು? ಬರ್ರಿ, ಒಂದ್ ಕೈ ಆಡೋಣು."

ಡಾಕ್ಟರು ಔಷಧದ ಶೀಶೆಗಳನ್ನು ಸರಿಸಿ ಮೇಜು ಬಿಡಿಸಿಕೊಟ್ಟರು. ವಕೀಲರು ಎಂದಿನಂತೆ ಮಂತ್ರಿಯನ್ನು ನುಗ್ಗಿಸಿದರು. ಆದರೆ ಆ ವಿದ್ಯೆ ಕಲಿತದ್ದು ನನ್ನಿಂದ, ಅದನ್ನು ತಡೆಯುವ ದಾರಿಯೂ ನನ್ನಲ್ಲೇ ಇತ್ತು. ಸುಗಂಧಿಯವರು ತಡೆದರು. ಕಾಯಿಗೆ ಕಾಯಿ ಹೋಗುತ್ತ ಹೋಗುತ್ತ ಬೋರ್ಡು ಬರಿದಾಯಿತು. ಕೊನೆಗೆ ಇಬ್ಬರು ರಾಜರು, ಸುಗಂಧಿಯವರದೊಂದು ಕಾಲಾಳು. ವಕೀಲರು ತಮ್ಮ ರಾಜನನ್ನು ನೆಟ್ಟಗೆ ಹಿಂದಕ್ಕೆ ಇಟ್ಟಿದ್ದರೆ ಆಟ ಡ್ರಾ ಆಗುತ್ತಿತ್ತು. ಅವರು ಓರೆಗೆ ಇಟ್ಟರು. ಸುಗಂಧಿಯವರು ತಮ್ಮ ರಾಜನನ್ನು ಅವನ ಎದುರಿಗೆ ತಂದು ನಿಲ್ಲಿಸಿದರು. ಇನ್ನು ಕಾಲಾಳು ಕೊನೆಯ ಮನೆ ಮುಟ್ಟಿ ಮಂತ್ರಿಯಾಗುವುದನ್ನು ಯಾರೂ ತಡೆಯುವ ಹಾಗಿರಲಿಲ್ಲ.

ಯಾರಾದರೂ ಶಭಾಷ್ ಎನ್ನುತ್ತಾರೆ ಎಂದುಕೊಂಡೆ. ವಕೀಲರು ಎದ್ದು ನಿಂತರು.

"ನೋಡ್ರಿ, ಸಾಬೀತಾತು! ಈ ಪಾಠ ಇದ್ದದ್ದು ಆ ಹದಿನಾರು ಪುಟದಾಗ. ಪುಟ ಇಲ್ಲಂತಾರ, ಪಾಠ ಹೆಂಗ ಬಂತು? ಆ ಹಾಳಿ ಇವರ ಮನ್ಯಾಗ ಅದಾವ!"

ಬೆಂಚಿನ ಮೇಲಿದ್ದವರೆಲ್ಲ ಸುಗಂಧಿಯವರ ಕಡೆ ತಿರುಗಿದರು. ಗೆದ್ದದ್ದೇ ತಪ್ಪಿಗೆ ಸಾಕ್ಷಿಯಾಗಿಬಿಟ್ಟಿತ್ತು. ಅವರು ಬಾಯಿ ತೆರೆದಿದ್ದ ಚೀಲದಿಂದ ನನ್ನನ್ನು ತೆಗೆದು ಡಾಕ್ಟರ ಕೈಗೆ ಕೊಟ್ಟರು.

"ಡಾಕ್ಟ್ರೇ, ಕೊನೆಯ ಪಾಠ ತೆರೀರಿ."

ಡಾಕ್ಟರು ತೆರೆಯಲು ನೋಡಿದರು, ಆಗಲಿಲ್ಲ. ಕನ್ನಡಕ ಏರಿಸಿ ಅಂಚನ್ನು ಬೆರಳಿನಿಂದ ಸವರಿದರು. ಒಳಗೆ ಇಣುಕಿದರು. "ವಕೀಲ್ರ, ಇವು ಎರಡೂ ಕೂಡೇ ಅದಾವಲ್ರೀ. ಇನ್ನೂ ಬಿಡಿಸೇ ಇಲ್ಲ. ನೀವು ಇದನ್ನ ಹೆಂಗ ಓದಿದ್ರಿ? ಪೂರಾ ಓದದs ಎಲ್ಲಾ ಪುಟ ಇದ್ದೂ ಅಂತ ಹೆಂಗ ಹೇಳಿದ್ರಿ?"

ಕೋರ್ಟಿನಲ್ಲಿ ಎಷ್ಟೋ ಸಾಕ್ಷಿಗಳ ಬಾಯಿ ಕಟ್ಟಿಸಿದ ವಕೀಲರು ಚಪ್ಪಲಿ ಮೆಟ್ಟಿ ಹೊರಟುಹೋದರು.

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಸುಗಂಧಿಯವರ ಮೇಲಿನ ಅನುಮಾನ ಹೋಯಿತು, ಆದರೆ ಅನುಮಾನ ಮಾತ್ರ ದವಾಖಾನೆ ಬಿಟ್ಟು ಹೋಗಲಿಲ್ಲ. ಈಗ ಪುಸ್ತಕ ಕೊಡುವವರು ಎದುರೇ ಪುಟ ತಿರುವಿ ತೋರಿಸಿ ಕೊಡುತ್ತಿದ್ದರು, ತೆಗೆದುಕೊಳ್ಳುವವರು ಮತ್ತೆ ತಿರುವಿ ನೋಡುತ್ತಿದ್ದರು. ಯಾರಾದರೂ ನಾನೊಂದು ಪುಸ್ತಕ ಓದಿದೆ ಎಂದರೆ, ಪೂರಾ ಓದಿದಿರಾ ಎಂದು ಕಣ್ಣಿನಲ್ಲೇ ಕೇಳುತ್ತಿದ್ದರು. ಪುಸ್ತಕದ ಬಗ್ಗೆ ಮಾತು ಕಡಿಮೆಯಾಗಿ ಬೆಂಚು ಖಾಲಿಯಾಗತೊಡಗಿತು. ವಕೀಲರಂತೂ ಬರುವುದನ್ನೇ ಬಿಟ್ಟರು.

ಒಂದು ಸಂಜೆ ಸುಗಂಧಿಯವರು ನನ್ನನ್ನು ಚೀಲದಲ್ಲಿ ಹಾಕಿಕೊಂಡು ವಕೀಲರ ಮನೆಯ ಬಾಗಿಲು ತಟ್ಟಿದರು. ತೆರೆದವರು ಬಸಲಿಂಗವ್ವ. "ಬರ್ರಿ ಯವ್ವಾ," ಎಂದು ಕರೆದರೂ ಕಣ್ಣಿನಲ್ಲಿ ಅಳುಕಿತ್ತು. ಒಳಗಿನಿಂದ ವಕೀಲರು ಬಂದು ಬಾಗಿಲಿಗೆ ಅಡ್ಡ ನಿಂತರು.

"ಮತ್ತ್ಯಾಕ ಬಂದ್ರಿ? ನಗಾಕೇನು?"

"ಅಲ್ಲ ಸರ್. ಆ ಹದಿನಾರು ಪುಟದ ಪಾಠ ನಾನೇ ಹುಡುಕಿದ್ದು. ಸರಿಯೋ ತಪ್ಪೋ ಗೊತ್ತಿಲ್ಲ. ಎದುರು ಕೂತು ಆಡುವವರು ಬೇಕು. ಈ ಊರಲ್ಲಿ ನಿಮ್ಮನ್ನು ಬಿಟ್ರೆ ಯಾರಿದ್ದಾರೆ?" ಚೀಲದಿಂದ ನನ್ನನ್ನು ತೆಗೆಯುತ್ತ ಹೇಳಿದರು, "ಮತ್ತೆ ಅವತ್ತು ಅಷ್ಟು ಜನರ ಎದುರು ಅದನ್ನು ತೆರೆಸಿದ್ದು ನಂಗೂ ಚೆಂದ ಅನ್ನಿಸ್ಲಿಲ್ಲ."

ವಕೀಲರು ನಂಬಲಿಲ್ಲ. ಅವರನ್ನು ಬಲ್ಲ ನಾನೂ ಅವರು ನಂಬುತ್ತಾರೆಂದು ಎಣಿಸಿರಲಿಲ್ಲ. ಆದರೆ ಬಸಲಿಂಗವ್ವ ಒಳಗಿನಿಂದ, "ಬಾಗಲಾಗ ನಿಂದ್ರಿಸಿ ಏನ್ ವಿಚಾರಣಿ ನಡಸೀರಿ? ಒಳಗ ಕರೀರಿ," ಎಂದು ಗದರಿದರು. ವಕೀಲರು ಪಕ್ಕಕ್ಕೆ ಸರಿದರು.

ಅಂದು ಕೂಡಿಕೊಂಡಿದ್ದ ಆ ಹಾಳೆಗಳನ್ನು ವಕೀಲರೇ ಚಾಕುವಿನಿಂದ ಬಿಡಿಸಿದರು. ನನಗೆ ನೋವಾಗಲಿಲ್ಲ, ಕಟ್ಟಿದ ಉಸಿರು ಬಿಟ್ಟಂತಾಯಿತು. ಇಬ್ಬರೂ ತಲೆ ಬಗ್ಗಿಸಿ ಆ ಪಾಠವನ್ನು ಓದಿದರು. ಅಂದಿನಿಂದ ರವಿವಾರಗಳು ಆ ಪಡಸಾಲೆಯಲ್ಲಿ ಕಳೆದವು. ಸುಗಂಧಿಯವರು ಗೆದ್ದರೆ ವಕೀಲರು ಆಟವನ್ನು ಮೊದಲಿನಿಂದ ಆಡಿಸಿ ಪರೀಕ್ಷೆ ಮಾಡುತ್ತಿದ್ದರು. ಬಸಲಿಂಗವ್ವ ಮಂಡಕ್ಕಿಯ ಗಿರಮಿಟ್ಟು ತಂದಿಟ್ಟರೆ ಎಣ್ಣೆಯ ಕೈ ನನಗೆ ತಾಗದಂತೆ ಸುಗಂಧಿಯವರು ನನ್ನನ್ನು ದೂರ ಸರಿಸುತ್ತಿದ್ದರು. ಡಾಕ್ಟರು ಬರತೊಡಗಿದರು. ಅವರ ಹಿಂದೆ, ಪುಸ್ತಕ ಬಗಲಲ್ಲಿ ಹಿಡಿದು, ಹಳೆಯ ಬೆಂಚಿನವರು ಒಬ್ಬೊಬ್ಬರಾಗಿ ಬಂದರು.

ಕೆಲವು ವರ್ಷಗಳಾದ ಮೇಲೆ ಸುಗಂಧಿಯವರಿಗೆ ಕಾರವಾರಕ್ಕೆ ವರ್ಗವಾಯಿತು. ಹೊರಡುವ ಮುಂಚಿನ ಆಟದಲ್ಲಿ ಅವರ ಕೈ ಮೇಲಾಗಿತ್ತು. ಆಗ ತಮ್ಮ ಆನೆಯನ್ನು ತೆಗೆದು ಒಂದು ಮೂಲೆಯಲ್ಲಿಟ್ಟರು. ವಕೀಲರ ಕುದುರೆ ನುಗ್ಗಿತು, ಆಟ ವಕೀಲರದಾಯಿತು.

"ಬೇಕಂತ ಸೋತ್ರೇನು?" ವಕೀಲರು ಗೆದ್ದ ಖುಷಿಯಿಲ್ಲದೆ ಕೇಳಿದರು.

"ಛೆ, ಹಾಗೆಲ್ಲ ಮಾಡ್ತೇನಾ ನಾನು?" ಎಂದು ನಕ್ಕು ಸುಗಂಧಿಯವರು ಎದ್ದರು.

ಆ ನಗು ವಕೀಲರನ್ನು ಬಿಡಲಿಲ್ಲ. ಕಾರವಾರಕ್ಕೆ ಫೋನು ಮಾಡಿದಾಗಲೂ ಅವರು ಕೇಳಿದ್ದು ಅದನ್ನೇ. "ಅಲ್ರೀ, ಆ ಆನಿ ಅಲ್ಲೆ ಯಾಕ ಇಟ್ರಿ?" ಆ ಕಡೆಯ ಉತ್ತರ ಪಡಸಾಲೆಗೆಲ್ಲ ಕೇಳುವಷ್ಟು ಜೋರಾಗಿತ್ತು: "ನೀವೇ ಹುಡುಕಿ ಸರ್! ನಾನು ಹೇಳುದಿಲ್ಲ."

ಈಗ ನಾನು ಮುದುಕನಾಗಿದ್ದೇನೆ. ಬೆನ್ನಿನ ಬಟ್ಟೆ ಹರಿದಿದೆ, ಹಾಳೆಗಳು ಕಂದಿವೆ, ಹೊಲಿಗೆ ಸಡಿಲವಾಗಿದೆ. ಗಾಜಿನ ಬೀರುವಿಗೆ ಮತ್ತೆ ಹೋಗಲಿಲ್ಲ. ವಕೀಲರ ಆರಾಮ ಕುರ್ಚಿಯ ಪಕ್ಕದ ಸ್ಟೂಲೇ ನನ್ನ ಜಾಗ. ವಕೀಲರೂ ಕೋರ್ಟು ಬಿಟ್ಟು ಬಹಳ ಕಾಲವಾಯಿತು. ಅನುಮಾನ ಒಳ್ಳೆಯದೋ ಕೆಟ್ಟದ್ದೋ ಎಂದು ಬಿದ್ದಲ್ಲೇ ಯೋಚಿಸುತ್ತೇನೆ. ನನ್ನ ಮೊದಲ ಪಾಠ ಬರೆದವರು ಅದನ್ನು ಬೋರ್ಡಿನ ಮೇಲಿನ ಕಾಯಿಗಳಿಗಾಗಿ ಬರೆದಿದ್ದರು. ನಾನೂ ನನ್ನ ಯಜಮಾನರೂ ಅದನ್ನು ಮನುಷ್ಯರ ಮೇಲೆ ಪ್ರಯೋಗಿಸಿ ಸುಮ್ಮನೆ ಆಯುಷ್ಯ ಕಳೆದೆವೇನೋ. ಹಾಗೆಂದು ನನ್ನ ಸ್ವಭಾವವೇನೂ ಪೂರಾ ಬದಲಾಗಿಲ್ಲ. ಆ ನಗುವಿನ ಮೇಲೆ ನನಗೂ ಅನುಮಾನವಿದೆ.

ಸಂಜೆಯಾದರೆ ವಕೀಲರು ಬೋರ್ಡು ಹಾಸಿ, ಆ ಕೊನೆಯ ಆಟದ ಕಾಯಿಗಳನ್ನು ನೆನಪಿನಿಂದಲೇ ಇಡುತ್ತಾರೆ. ಆನೆಯನ್ನು ಮೂಲೆಗೆ ಸರಿಸಿ, ಕಣ್ಣು ಕಿರಿದು ಮಾಡಿ ಕೂರುತ್ತಾರೆ.

"ಸಾಕು ಬಿಡ್ರಿ ಇನ್ನ, ಚಹಾ ಆರಿ ನೀರಾತು," ಎನ್ನುತ್ತಾರೆ ಬಸಲಿಂಗವ್ವ.

ವಕೀಲರು ತಲೆ ಎತ್ತುವುದಿಲ್ಲ. "ತಡಿ. ಬಾಯಾರು ಇಲ್ಲೇನೋ ಮಾಡ್ಯಾರ."