ಸರಪಳಿ ಎಳೆದವನ ಮೊಮ್ಮಗ

ನಮ್ಮೂರ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ಮೈದಾನದ ಅಂಚಿಗೆ ನಿಂತು ಹತ್ತು ಗಜದ ಸರಪಳಿ ಹಿಡಿಯುವ ನಾಲ್ವರಲ್ಲಿ ನಾನೂ ಒಬ್ಬ. ವಾರದ ಉಳಿದ ದಿನಗಳಲ್ಲಿ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಹೋದರೋ ಇಲ್ಲವೋ ಎಂಬ ಅನುಮಾನ ಬಂದಾಗ ಸ್ಟೇಡಿಯಮ್ಮಿನ ಇಪ್ಪತ್ತೆರಡು ಸಾವಿರ ಜನ ಆಟಗಾರರನ್ನು ಬಿಟ್ಟು ನಮ್ಮನ್ನು ನೋಡುತ್ತಾರೆ.

ಸರಪಳಿಯ ಎರಡು ತುದಿಗೆ ಎರಡು ಕೋಲು. ಹಿಂದಿನ ಕೋಲು ಹಿಡಿಯುವವನು ಫ್ರೀಮನ್ ಒಡೋಮ್. ಊರಿನ ಶವಸಂಸ್ಕಾರಗಳ ಏರ್ಪಾಡೆಲ್ಲ ಅವನದೇ. ಮುಂದಿನ ಕೋಲು ರಾಯ್ಸ್ ಟಿಡ್‌ಮೋರ್‌ನದು, ಇಪ್ಪತ್ತಾರು ವರ್ಷಗಳಿಂದ. ಸರಪಳಿಯ ನಡುವೆ, ಮೈದಾನದ ಗೆರೆಯೊಂದು ಅದನ್ನು ದಾಟುವ ಕಡೆ, ಗುರುತಿಗೆ ಒಂದು ಕ್ಲಿಪ್ಪು ಹಾಕುತ್ತಾರೆ. ಅಳೆಯುವಾಗ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಸರಪಳಿ ಎಳೆಯುತ್ತಾರೆ. ಅದು ನನ್ನ ಪಾಲು. ಎಷ್ಟನೆಯ ಅವಕಾಶ ಎಂದು ತೋರಿಸುವ ಫಲಕ ಹಿಡಿದು ಒಬ್ಬ ಹಲ್ಲಿನ ಡಾಕ್ಟರು ನಿಲ್ಲುತ್ತಾರೆ. ನಮಗಿರುವ ನಿಯಮ ಒಂದೇ: ಮುಖದ ಮೇಲೆ ಸುಖವೂ ಕಾಣಬಾರದು, ದುಃಖವೂ ಕಾಣಬಾರದು. ನಾವು ಇದೇ ಊರಿನವರಾದರೂ ಪಂದ್ಯದ ಮೂರೂವರೆ ಗಂಟೆ ಯಾವ ಊರಿನವರೂ ಅಲ್ಲ. ಫ್ರೀಮನ್‌ಗೆ ಇದು ವೃತ್ತಿಯಿಂದಲೇ ಬಂದದ್ದು. ರಾಯ್ಸ್‌ಗೆ ಹುಟ್ಟಿನಿಂದ ಬಂದದ್ದು.

ರಾಯ್ಸ್ ಶೇಂಗಾ ಮಂಡಿಯಲ್ಲಿ ತೂಕ ಮಾಡುವವನು. ಅಲಬಾಮದ ಈ ಮೂಲೆಯಲ್ಲಿ ಶೇಂಗಾ ಬೆಳೆಯದವರು ಪಾದ್ರಿ ಮತ್ತು ನಾನು ಇಬ್ಬರೇ. ಲಾರಿ ತಕ್ಕಡಿಯ ಮೇಲೆ ಹತ್ತಿದಾಗ ರಾಯ್ಸ್ ಹೇಳಿದ್ದೇ ತೂಕ, ಯಾರೂ ಎರಡನೆಯ ಸಲ ನೋಡುವುದಿಲ್ಲ. ಅವನ ಸ್ವಂತ ಹೊಲದ ಲಾರಿ ಬಂದರೆ ಮಾತ್ರ ಹತ್ತು ಪೌಂಡು ಕಡಿಮೆಯೇ ಬರೆಯುತ್ತಾನೆ, ಯಾರೂ ಒಂದು ಮಾತು ಆಡದಿರಲಿ ಎಂದು. ಅದು ಕೂಡ ತಪ್ಪು ತೂಕವೇ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದ.

ಈ ರಾಯ್ಸ್‌ನ ಮೊಮ್ಮಗ ಕೋಲ್ಬಿ ನಮ್ಮ ಕಾಲೇಜು ತಂಡದ ಎರಡನೆಯ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆದು ಆಟ ನಡೆಸುವವನೇ ಕ್ವಾರ್ಟರ್‌ಬ್ಯಾಕ್. ಎರಡನೆಯವನು ಎಂದರೆ ಮೊದಲನೆಯವನಿಗೆ ಏನಾದರೂ ಆಗಲಿ ಎಂದು ಊರೆಲ್ಲ ಒಳಗೊಳಗೇ ಬಯಸುತ್ತಿರುವಾಗ ಟೋಪಿ ಹಾಕಿಕೊಂಡು ಬೆಂಚಿನ ಪಕ್ಕ ನಿಲ್ಲುವವನು. ಎರಡು ವರ್ಷದ ಹಿಂದೆ ಕೋಲ್ಬಿಗೆ ಪತ್ರಿಕೆಗಳು ನಾಲ್ಕು ನಕ್ಷತ್ರ ಕೊಟ್ಟಿದ್ದವು. ಹೈಸ್ಕೂಲಿನ ಸಭಾಂಗಣದಲ್ಲಿ ಮೇಜಿನ ಮೇಲೆ ಅವನನ್ನು ಕರೆದ ಮೂರು ಕಾಲೇಜಿನ ಮೂರು ಟೋಪಿ ಇಟ್ಟಿದ್ದರು. ಅವನು ಎರಡು ದೊಡ್ಡ ಕಾಲೇಜುಗಳ ಟೋಪಿ ಬಿಟ್ಟು ನಮ್ಮದನ್ನು ಎತ್ತಿ ತಲೆಗೆ ಇಟ್ಟುಕೊಂಡಾಗ ಗಂಡಸರು ಅತ್ತಿದ್ದರು. ಆಮೇಲೆ ಎರಡು ವರ್ಷ ಆ ಟೋಪಿ ಅವನ ತಲೆಯಿಂದ ಇಳಿದಿರಲಿಲ್ಲ. ಹೆಲ್ಮೆಟ್ ಹಾಕುವ ಸಂದರ್ಭವೇ ಬಂದಿರಲಿಲ್ಲ.

ಮೊದಲನೆಯವನು ಹಟ್ಟನ್. ಕೊನೆಯ ವರ್ಷದ ಹುಡುಗ, ನೋಡಲು ಏನೂ ವಿಶೇಷವಿಲ್ಲ, ಆದರೆ ಗೆಲ್ಲುತ್ತಿದ್ದ. ಊರಿಗೆ ಅವನ ಒಂದೊಂದು ತಪ್ಪೂ ಬಾಯಿಪಾಠ. ಆಡದವನ ಲೆಕ್ಕದಲ್ಲಿ ತಪ್ಪೇ ಇರುವುದಿಲ್ಲ. ಆದ್ದರಿಂದ ಕ್ಷೌರದಂಗಡಿಯಲ್ಲೂ ಚರ್ಚಿನ ಮೆಟ್ಟಿಲಿನಲ್ಲೂ ಕೋಲ್ಬಿಯೇ ಶ್ರೇಷ್ಠ ಎಂದು ತೀರ್ಮಾನವಾಗಿತ್ತು. ರಾಯ್ಸ್‌ನ ಭಯ ಬೇರೆ. ಈ ಸಲವೂ ಆಡಿಸದಿದ್ದರೆ ಡಿಸೆಂಬರಿನಲ್ಲಿ ಹುಡುಗ ಬೇರೆ ಕಾಲೇಜಿಗೆ ಹೋಗುವುದು ಖಚಿತವಿತ್ತು. ಒರೆಗಾನ್‌ನಿಂದ ಕರೆ ಬಂದಿತ್ತು. ಅವನು ನಮ್ಮ ಅಂಗಿ ತೊಟ್ಟು ಆಡುವುದನ್ನು ಒಮ್ಮೆಯಾದರೂ ನೋಡಬೇಕು ಎಂಬುದೊಂದೇ ರಾಯ್ಸ್‌ನ ಆಸೆ.

ಅದರಲ್ಲಿ ಒಂದು ತೊಡಕಿತ್ತು. ಪಂದ್ಯಗಳ ಋತುವಿನ ಆರಂಭದಲ್ಲಿ ನಿಯಮದಂತೆ ನಾನು ಆಟದ ತೀರ್ಪು ಕೊಡುವ ಪಂಚರ ಮುಖ್ಯಸ್ಥರಿಗೆ ಫೋನು ಮಾಡಿ, ಸರಪಳಿ ಹಿಡಿಯುವವನ ಮೊಮ್ಮಗ ತಂಡದಲ್ಲಿದ್ದಾನೆ ಎಂದು ತಿಳಿಸಿದ್ದೆ.

"ಆಡ್ತಾನಾ?" ಎಂದರು ಅವರು.

"ಇಲ್ಲ."

"ಹಾಗಾದ್ರೆ ತೊಂದ್ರೆ ಇಲ್ಲ ಬಿಡಿ. ಆಡೋಕೆ ಶುರು ಮಾಡಿದ ದಿನ ಕೋಲು ಬೇರೆಯವರಿಗೆ ಕೊಡ್ಲಿ."

ಇದನ್ನು ಹೇಳಿದಾಗ ರಾಯ್ಸ್‌ಗೆ ಕೋಲು ಹೋಗುವ ಚಿಂತೆಗಿಂತ 'ತೊಂದ್ರೆ ಇಲ್ಲ' ಎಂಬ ಮಾತೇ ಹೆಚ್ಚು ಚುಚ್ಚಿತು. "ತೊಂದ್ರೆ ಇಲ್ವಂತಾ? ನಾಲ್ಕು ನಕ್ಷತ್ರದ ಹುಡುಗ ಸ್ವಾಮಿ ಅವನು!"

ಗುರುವಾರ ಸಂಜೆ ಮೀನಿನ ಹೋಟೆಲಿನಲ್ಲಿ ಕೂತು ಕೋಚ್ ಬ್ರಿಸ್ಕೋ ರೇಡಿಯೊದಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಅಕ್ಟೋಬರಿನ ಒಂದು ಗುರುವಾರ, ಮೂಗು ಹಿಡಿದುಕೊಂಡಂಥ ದನಿಯೊಂದು ಕೇಳಿಸಿತು.

"ನಮಸ್ಕಾರ ಕೋಚ್. ನಾನು ಯುಫಾಲದಿಂದ ಲೀರಾಯ್ ಮಾತಾಡ್ತಿರೋದು. ಆ ಟಿಡ್‌ಮೋರ್ ಹುಡುಗನಿಗೆ ಯಾಕೆ ಆಟ ಕೊಡ್ತಿಲ್ಲ? ನಂಗೇನೂ ಅವನ ಪರಿಚಯ ಇಲ್ಲ ಮತ್ತೆ."

"ಲೀರಾಯ್ ಅವರೇ," ಎಂದರು ಕೋಚ್, "ನಿಮ್ಮ ಹಿಂದೆ ಯಾರೋ 'ರಾಯ್ಸ್, ಲಾರಿ ಇಳಿಸ್ಲಾ?' ಅಂತ ಕೂಗ್ತಿದ್ದಾರೆ. ಮೊದ್ಲು ಅವರಿಗೆ ಉತ್ತರ ಕೊಡಿ."

ಹೋಟೆಲಿನಲ್ಲಿದ್ದವರೆಲ್ಲ ನಕ್ಕ ಸದ್ದು ಮೂರು ಜಿಲ್ಲೆಗಳಿಗೆ ಕೇಳಿಸಿತು.

ನವೆಂಬರಿನ ಎರಡನೆಯ ಶನಿವಾರ. ಪಂದ್ಯ ಮುಗಿಯಲು ಎರಡು ನಿಮಿಷ. ನಾವು ಮೂರು ಅಂಕ ಮುಂದೆ, ಚೆಂಡು ನಮ್ಮದು, ಮೈದಾನದ ನಡುಮಧ್ಯ. ಮೂರನೆಯ ಅವಕಾಶದಲ್ಲಿ ಹಟ್ಟನ್‌ನನ್ನು ಮೂವರು ಕೆಡವಿದರು. ಅವನ ಹೆಲ್ಮೆಟ್ ಕಳಚಿ ಉರುಳಿ ಹೋಗಿ ನನ್ನ ಬೂಟಿನ ಬಳಿ ನಿಂತಿತು. ಹೆಲ್ಮೆಟ್ ಕಳಚಿದವನು ಮುಂದಿನ ಒಂದು ಅವಕಾಶ ಹೊರಗೆ ನಿಲ್ಲಬೇಕು, ಇದು ನಿಯಮ. ಕೋಚ್ ವಿರಾಮ ಕೇಳಿ ಅವನನ್ನು ಉಳಿಸಿಕೊಳ್ಳಬಹುದಿತ್ತು, ಆದರೆ ವಿರಾಮಗಳೆಲ್ಲ ಮುಗಿದಿದ್ದವು. ಹತ್ತು ಗಜ ತುಂಬಲು ಅರ್ಧ ಗಜ ಬಾಕಿ. ಚೆಂಡನ್ನು ಒದ್ದು ದೂರ ಕಳಿಸುವುದು ಬುದ್ಧಿವಂತಿಕೆ. ಆದರೆ ಅಷ್ಟರಲ್ಲಿ ಇಪ್ಪತ್ತೆರಡು ಸಾವಿರ ಬಾಯಿಗಳು "ಕೋಲ್-ಬಿ! ಕೋಲ್-ಬಿ!" ಎನ್ನಲು ಶುರುಮಾಡಿದ್ದವು.

ಕೋಚ್ ಒಮ್ಮೆ ಜನರನ್ನು ನೋಡಿದರು, ಒಮ್ಮೆ ಆಕಾಶ ನೋಡಿದರು. "ಹೋಗಪ್ಪಾ," ಎಂದರು. "ಬಗ್ಗಿ ನುಗ್ಗು. ಎಸೀಬೇಡ. ಯೋಚನೆ ಮಾಡ್ಬೇಡ."

ಕೋಲ್ಬಿ ಟೋಪಿ ತೆಗೆದ. ಕೋಲು ಬೇರೆಯವರಿಗೆ ಕೊಡೋಣವೆಂದರೆ ಹೊತ್ತೂ ಇರಲಿಲ್ಲ, ಬೇರೆಯವರೂ ಇರಲಿಲ್ಲ. ನಾನು ರಾಯ್ಸ್‌ನ ಕಡೆ ನೋಡಿದೆ. ಮುಖ ಕಲ್ಲು. ನೆಟ್ಟಗಿದ್ದ ಕೋಲನ್ನು ಇನ್ನೂ ನೆಟ್ಟಗೆ ಮಾಡುತ್ತಿದ್ದ.

"ರಾಯ್ಸಣ್ಣ, ಉಸಿರಾಡು," ಎಂದ ಫ್ರೀಮನ್. "ನನ್ನ ಗಿರಾಕಿ ಆಗೋಕೆ ಇನ್ನೂ ಟೈಮಿದೆ."

ಹುಡುಗ ಚೆಂಡು ಅಪ್ಪಿಕೊಂಡು ನುಗ್ಗಿದ. ಎರಡು ಸೆಕೆಂಡು ಬರೀ ಬೆನ್ನುಗಳು. ಪಂಚರು ಒಬ್ಬೊಬ್ಬರನ್ನೇ ಎಳೆದು ತೆಗೆದು, ಅಡಿಯಲ್ಲಿದ್ದ ಕೋಲ್ಬಿಯ ತೋಳಿನಿಂದ ಚೆಂಡು ಬಿಡಿಸಿ ನೆಲದ ಮೇಲಿಟ್ಟರು. ಆಮೇಲೆ ನಮ್ಮ ಕಡೆ ಕೈ ಬೀಸಿದರು. ಅಳೆಯಬೇಕು.

ನಾವು ಓಡಿದೆವು. ನಲವತ್ತೈದನೆಯ ಗೆರೆಯ ಮೇಲೆ ನಾನು ಕ್ಲಿಪ್ಪು ಒತ್ತಿ ಹಿಡಿದೆ. ರಾಯ್ಸ್ ಮುಂದಿನ ಕೋಲು ಹಿಡಿದು ಚೆಂಡಿನ ಪಕ್ಕ ನಿಂತ. ಮೊಮ್ಮಗ ಅವನಿಂದ ಮೂರಡಿ ದೂರದಲ್ಲಿ, ಹಲ್ಲಿಗೆ ಹುಲ್ಲು ಅಂಟಿಸಿಕೊಂಡು ನೋಡುತ್ತಿದ್ದ.

"ಎಳೀರಿ," ಎಂದರು ಪಂಚರು.

ರಾಯ್ಸ್ ಎಳೆದ. ನಾನು ಕ್ಲಿಪ್ಪು ಹಿಡಿದ ಹತ್ತೊಂಬತ್ತು ವರ್ಷದಲ್ಲಿ ಅವನ ಎಳೆತದ ಬಲ ನನ್ನ ಬೆರಳಿಗೆ ಅಭ್ಯಾಸವಾಗಿತ್ತು. ಇದು ಆ ಎಳೆತವಲ್ಲ. ಹಳೆಯ ಕೊಂಡಿಗಳು ಕಿರ್ರೆಂದವು. ಕ್ಲಿಪ್ಪು ನನ್ನ ಬೆರಳನ್ನು ಕಚ್ಚಿತು.

"ರಾಯ್ಸಣ್ಣ," ಎಂದು ಪಿಸುಗುಟ್ಟಿದೆ, "ಅದು ಸರಪಳಿ, ಓಡಿಹೋಗೋ ಕರು ಅಲ್ಲ."

"ಮೇಷ್ಟ್ರೇ, ನೀವು ನಿಮ್ಮ ಕ್ಲಿಪ್ಪು ನೋಡ್ಕೊಳ್ಳಿ."

ಜಾಸ್ತಿ ಎಳೆದಷ್ಟೂ ಕೋಲು ಮುಂದೆ ಸರಿಯುತ್ತದೆ, ಚೆಂಡು ಹಿಂದೆ ಬೀಳುತ್ತದೆ. ಗಟ್ಟಿಯಾಗಿ ಹೇಳಬಹುದಿತ್ತು. ಆದರೆ ಹೇಳಿದರೆ ನಮ್ಮ ತಂಡದ ಪರ ಮಾತಾಡಿದ ಹಾಗೆ. ನನ್ನ ಕ್ಲಿಪ್ಪು ನೋಡಿಕೊಂಡೆ. ಪಂಚರು ಮೊಣಕಾಲೂರಿ ನೋಡಿದರು. ಚೆಂಡಿನ ಮೂತಿಗೂ ಕೋಲಿಗೂ ನಡುವೆ ಬೆಳಕು ಕಾಣುತ್ತಿತ್ತು. ಚೆಂಡು ಎದುರಾಳಿಗೆ ಹೋಯಿತು. ಅವರು ಮೂರು ಅವಕಾಶ ಆಡಿ, ಅಂಕ ಸಮ ಮಾಡಲು ಗೋಲಿಗೆ ಒದ್ದರು, ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು, ನಾವು ಗೆದ್ದೆವು. ಹೀಗಾಗಿ ಕೋಲ್ಬಿಯನ್ನು ಆಡಿಸಿದ್ದು ಸರಿಯೋ ತಪ್ಪೋ ಎಂಬುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಊರಿಗೆ ಅಷ್ಟು ಸಾಕಿತ್ತು, ಜಗಳ ಇಮ್ಮಡಿಯಾಯಿತು.

ಸಾಮಾನು ಕೋಣೆಯಲ್ಲಿ ಸರಪಳಿ ಸುತ್ತುತ್ತಿದ್ದಾಗ ರಾಯ್ಸ್‌ನ ಹೆಂಡತಿ ನೆಲ್ಡಾ ಬಂದಳು.

"ಇಡೀ ಊರಿಗೆ ತೂಗಿ ಕೊಡ್ತೀಯ. ಮೊಮ್ಮಗನಿಗೆ ಒಂದು ಬೆರಳು ಜಾಗ ಕೊಡೋಕೆ ಆಗ್ಲಿಲ್ವಾ ನಿಂಗೆ?"

"ಇದ್ದಿದ್ದು ಇದ್ದಷ್ಟೇ ಕಣೇ."

ಹಿಂದೆಯೇ ಕೋಲ್ಬಿ ಬಂದ. "ತಾತ, ಎಷ್ಟು ಕಮ್ಮಿ ಇತ್ತು?"

"ಒಂದು ಶೇಂಗಾಕಾಯಿ."

"ಉದ್ದಕ್ಕೋ, ಅಡ್ಡಕ್ಕೋ?"

"ಅಡ್ಡಕ್ಕೆ."

"ಛೇ! ಊಟ ಇನ್ನೊಂದು ತುತ್ತು ಜಾಸ್ತಿ ಮಾಡಿದ್ರೆ ದಾಟ್ತಿದ್ದೆ," ಎಂದು ನಕ್ಕು ಅಜ್ಜಿಯ ಹೆಗಲ ಮೇಲೆ ಕೈ ಹಾಕಿಕೊಂಡು ಹೋದ. ಅವನು ಜಗಳಕ್ಕೆ ಬಂದಿದ್ದರೆ ರಾಯ್ಸ್ ಬಚಾವಾಗುತ್ತಿದ್ದ. ಆ ನಗು ಅವನನ್ನು ಬಿಡಲಿಲ್ಲ.

ಭಾನುವಾರ ಚರ್ಚು ಮುಗಿದದ್ದೇ ನನ್ನ ತೋಳು ಹಿಡಿದ. "ಮೇಷ್ಟ್ರೇ, ನಾನು ಯಾವಾಗ್ಲೂ ಎಳೆಯೋ ಹಾಗೇ ಎಳೆದೆ, ಅಲ್ವಾ?"

"ಒಂದೇ ಅಳತೆಯಿಂದ ಏನೂ ಹೇಳೋಕಾಗಲ್ಲ ರಾಯ್ಸಣ್ಣ."

"ಹಾಗಾದ್ರೆ ಇನ್ನಷ್ಟು ಅಳತೆ ಮಾಡಿ."

ಇಬ್ಬರೂ ಚರ್ಚಿನ ಬಟ್ಟೆಯಲ್ಲೇ ಖಾಲಿ ಸ್ಟೇಡಿಯಮ್ಮಿಗೆ ಹೋದೆವು. ನಾನು ಕ್ಲಿಪ್ಪು ಒತ್ತಿದೆ. ಅವನು ಮಾಮೂಲಿಯಾಗಿ ಹತ್ತು ಸಲ, ಶನಿವಾರದ ಹಾಗೆ ಹತ್ತು ಸಲ ಎಳೆದ. ಪ್ರತಿ ಸಲವೂ ಕೋಲು ನಿಂತ ಕಡೆ ಹುಲ್ಲಿನಲ್ಲಿ ಒಂದೊಂದು ಹಲ್ಲುಕಡ್ಡಿ ನೆಟ್ಟ. ಮಾಮೂಲಿ ಕಡ್ಡಿಗಳೆಲ್ಲ ಒಂದು ಗುಂಪು, ಶನಿವಾರದವು ಇನ್ನೊಂದು ಗುಂಪು, ನಡುವೆ ಮುಕ್ಕಾಲು ಇಂಚು. ಸವೆದ ಕೊಂಡಿಗಳು, ಎಳೆದಷ್ಟೂ ಬರುತ್ತಿದ್ದವು.

"ಶೇಂಗಾಕಾಯಿ ಅಡ್ಡಕ್ಕೆ ಎಷ್ಟು?" ಎಂದ.

"ಅರ್ಧ ಇಂಚು."

ರಾಯ್ಸ್ ಹೊಸ ಪ್ಯಾಂಟಿನಲ್ಲಿ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟ. "ಅಂದ್ರೆ ಹುಡುಗ ದಾಟಿದ್ದ."

"ನಿನ್ನ ಉಳಿದ ಇಪ್ಪತ್ತಾರು ವರ್ಷದ ಲೆಕ್ಕದಲ್ಲಿ, ಹೌದು."

"ಒಂದೇ ಒಂದು ಸಲ ಆಡಿದ. ಅದನ್ನೂ ನಾನೇ ಕಿತ್ಕೊಂಡೆ." ಹಲ್ಲುಕಡ್ಡಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾ, "ಪಕ್ಷಪಾತ ಮಾಡಿದೆ ಅಂದ್ರೆ ಮಾಡಿದೆ. ಯಾವ ಕಡೆಗೆ ಮಾಡಿದ್ರೇನು," ಎಂದ.

ಸೋಮವಾರ ಬೆಳಿಗ್ಗೆ ಕೋಚ್‌ನ ಕೋಣೆಗೆ ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಹೋದ. ಹಲ್ಲುಕಡ್ಡಿಗಳ ಲೆಕ್ಕ ಬರೆದ ಹಾಳೆ ಮೇಜಿನ ಮೇಲಿಟ್ಟ. ಕೋಚ್ ಎರಡು ಸಲ ಓದಿದರು.

"ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ," ಎಂದರು. "ಅಪ್ಪಂದಿರು ಬಂದು ಕೂಗಾಡಿದ್ದಾರೆ, ತಾಯಂದಿರು ಕೇಕ್ ತಂದಿದ್ದಾರೆ. ಹಲ್ಲುಕಡ್ಡಿ ತಂದವರು ನೀವೇ ಮೊದಲು."

"ನಾನು ಅವನಿಗೆ ಆಟ ಕೊಡಿ ಅಂತ ಕೇಳೋಕೆ ಬಂದಿಲ್ಲ. ತಪ್ಪು ಅವನ ಹೆಸರಲ್ಲಿ ಇರೋದು ಬೇಡ ಅಂತ."

"ಅದಕ್ಕೇ ಕೊಡ್ತೀನಿ. ಅವತ್ತು ಬಲಗಡೆ ನುಗ್ಗು ಅಂತ ಸನ್ನೆ ಮಾಡಿದ್ದೆ. ಅಲ್ಲಿ ಗೋಡೆ ಇತ್ತು, ಅವನೇ ನೋಡಿ ಎಡಕ್ಕೆ ಹೋದ. ಹೇಳಿದ್ದು ಕೇಳದೆ ಒಂದು ಚೂರು ಕಮ್ಮಿ ಬಿದ್ದ ಅಂತ ನಾನು ಬೈದಿದ್ದೆ. ದಾಟಿದ್ದ ಅಂದ್ಮೇಲೆ ಬೈದಿದ್ದು ನನ್ನ ತಪ್ಪು. ಮುಂದಿನ ಶನಿವಾರ ಪಂದ್ಯದ ಎರಡನೇ ಕಾಲು ಭಾಗ ಪೂರ್ತಿ ಅವನದ್ದು. ಆಮೇಲಿಂದು ಆಮೇಲೆ." ಹಾಳೆ ಮಡಚಿ ವಾಪಸು ಕೊಟ್ಟರು. "ಆದ್ರೆ ನಿಮ್ಮ ಕೋಲು ಹೋಯ್ತು ರಾಯ್ಸ್ ಅವರೇ. ಗೊತ್ತಲ್ಲ?"

"ಗೊತ್ತು," ಎಂದ ರಾಯ್ಸ್. ಕಾರಿನ ತನಕ ನೆಟ್ಟಗೆ ನಡೆದ. ಕಾರಿನೊಳಗೆ ಕೂತ ಮೇಲೆ ಯುಫಾಲದವರೆಗೆ ಕೇಳುವ ಹಾಗೆ ಮೂಗು ಸೀಟಿಕೊಂಡ.

ಅವನ ಜಾಗಕ್ಕೆ ಅಂಚೆ ಕಚೇರಿಯ ಸೋರೆಲ್ ಬಂದ. ಒಳ್ಳೆಯವನೇ. ಶನಿವಾರ ಪಂದ್ಯ ಶುರುವಾದಾಗ ನಾನು ಜನರ ನಡುವೆ ರಾಯ್ಸ್‌ನನ್ನು ಹುಡುಕಿದೆ. ನಮ್ಮ ಹಿಂದೆ ಹನ್ನೆರಡನೆಯ ಸಾಲಿನಲ್ಲಿ, ನೆಲ್ಡಾಳ ಪಕ್ಕ, ಚರ್ಚಿನಲ್ಲಿ ಕೂತ ಹಾಗೆ ಕೂತಿದ್ದ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಕೂಗುವ ಹಕ್ಕು ಸಿಕ್ಕಿತ್ತು.

ಎರಡನೆಯ ಕಾಲು ಭಾಗ. ಕೋಲ್ಬಿ ಬಂದ. ಮೊದಲ ಎಸೆತ ಬ್ಯಾಂಡಿನವರ ಕಹಳೆಯೊಳಗೆ ಬಿತ್ತು. ಎರಡನೆಯದು ಇಪ್ಪತ್ತು ಗಜ, ಸರಿಯಾಗಿ ಕೈಗೆ. ಮೂರನೆಯದು ಎದುರಾಳಿಯ ಕೈಗೆ. ಮತ್ತೆ ಚೆಂಡು ಸಿಕ್ಕಾಗ ನಲವತ್ತು ಗಜ ಎಸೆದ. ನಮ್ಮವನು ಅದನ್ನು ಓಡುತ್ತಲೇ ಹಿಡಿದು ಕೊನೆಯ ಗೆರೆ ದಾಟಿದ. ಸ್ಟೇಡಿಯಂ ಎದ್ದು ನಿಂತು ಗರ್ಜಿಸಿತು. ನೆಲ್ಡಾ ಪಕ್ಕದವರ ಟೋಪಿ ಕಿತ್ತು ಎಸೆದಳು. ರಾಯ್ಸ್ ಕೈ ಎರಡೂ ತೊಡೆಗೆ ಒತ್ತಿಕೊಂಡು, ಮುಖ ಕಲ್ಲು ಮಾಡಿಕೊಂಡು ನಿಂತಿದ್ದ. ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು.

"ಕೂಗೋ ಮಾರಾಯಾ!" ಎಂದು ನೆಲ್ಡಾ ಅವನ ಪಕ್ಕೆಗೆ ತಿವಿದದ್ದು ನನಗೆ ಕಾಣಿಸಿತು. "ಈಗ ಯಾರು ಬೇಡ ಅಂದ್ರು? ಬಾಯಿ ಬಿಡು!"

ರಾಯ್ಸ್ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಆಮೇಲೆ ಇಪ್ಪತ್ತಾರು ವರ್ಷ ಒಳಗೆ ಕೂಡಿಟ್ಟಿದ್ದ ದನಿಯೆಲ್ಲ ಒಂದೇ ಸಲ ಹೊರಗೆ ಬಂತು. ಪಕ್ಕದ ನಾಲ್ಕು ಸಾಲು ತಿರುಗಿ ನೋಡಿತು.

"ಸೋರೆಲ್! ಲೇ ಸೋರೆಲ್! ಕೋಲು ವಾರೆ ಹಿಡಿದಿದ್ದೀಯಲ್ಲೋ! ನೆಟ್ಟಗೆ ಹಿಡಿಯೋ!"

ನಾನು ತಿರುಗಿ ನೋಡಿದೆ. ಎರಡು ಡಿಗ್ರಿಯಷ್ಟು ವಾರೆಯಾಗಿತ್ತು.