ಅರವತ್ತನೆಯ ರೋಗಿ

ನೋವಿನ ವಿಭಾಗದ ಸಂಶೋಧಕಿಗೆ ಅರವತ್ತು ರೋಗಿಗಳು ಬೇಕಿತ್ತು. ಐವತ್ತೊಂಬತ್ತು ಮಂದಿ ಸಿಕ್ಕಿದ್ದರು. ಉಳಿದ ಒಬ್ಬರಿಗಾಗಿ ಮೂರು ವಾರ ಕಾದು ಕಾದು ಸಾಕಾಗಿ, ಕೊನೆಗೆ ಅವಳು ತನ್ನ ಚಿಕ್ಕಮ್ಮನನ್ನೇ ಕರೆತಂದಳು.

ಹೆಸರಿಗೆ ಚಿಕ್ಕಮ್ಮ, ಆದರೆ ಸಾಕಿ ಬೆಳೆಸಿದವಳು ಅವಳೇ. ಅಕ್ಕ ತೀರಿಕೊಂಡಾಗ ಮೂರು ವರ್ಷದ ಕೂಸನ್ನು ಸೊಂಟಕ್ಕೇರಿಸಿಕೊಂಡು ತನ್ನ ಹೊಲಿಗೆ ಅಂಗಡಿಗೆ ತಂದವಳು, ಬಟ್ಟೆಯ ತುಂಡುಗಳ ರಾಶಿಯ ಮೇಲೆ ಮಲಗಿಸಿ, ಕಾಲಿನಿಂದ ತುಳಿಯುವ ಯಂತ್ರದ ಟಕಟಕ ಸದ್ದಿನಲ್ಲೇ ನಿದ್ದೆ ಬರಿಸಿದವಳು. ಮೂವತ್ತೈದು ವರ್ಷ ತುಳಿದೂ ತುಳಿದೂ ಈಗ ಅವಳ ಮಂಡಿಗಳೆರಡೂ ಸವೆದಿದ್ದವು. ಮೆಟ್ಟಿಲು ಕಂಡರೆ ಮುಖ ಹುಳ್ಳಗಾಗುತ್ತಿತ್ತು.

ಪರೀಕ್ಷೆಯ ಕಟ್ಟುಪಾಡು ಸರಳವಾಗಿತ್ತು. ಅರ್ಧದಷ್ಟು ಜನರಿಗೆ ಹೊಸ ಔಷಧ, ಇನ್ನರ್ಧಕ್ಕೆ ಖಾಲಿ ಮಾತ್ರೆ. ಅದೇ ಬಣ್ಣ, ಅದೇ ಕಹಿ, ಒಳಗೆ ಮಾತ್ರ ಬರೀ ಹಿಟ್ಟು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಸಂಶೋಧಕಿಗೂ ಗೊತ್ತಿಲ್ಲ. ಆ ಪಟ್ಟಿ ಔಷಧ ವಿಭಾಗದ ಬೀರುವಿನಲ್ಲಿ ಬೀಗದೊಳಗಿತ್ತು. ಸಂಶೋಧಕರ ಬಂಧುಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂಬುದೂ ಒಂದು ನಿಯಮ. ಅರ್ಜಿಯಲ್ಲಿ 'ಸಂಬಂಧ' ಎಂಬಲ್ಲಿ ಅವಳು 'ಇಲ್ಲ' ಎಂದು ಬರೆದಳು. ಬರೆಯುವ ಮೊದಲು ಯೋಚಿಸಲೂ ಇಲ್ಲ. ಅದೇ ಆಮೇಲೆ ಅವಳನ್ನು ಹೆಚ್ಚು ಕಾಡಿದ್ದು.

"ಚಿಕ್ಕಮ್ಮ, ಒಂದ್ಸಲ ಓದಿ ಸಹಿ ಹಾಕು. ನಿನಗೆ ಬರೀ ಹಿಟ್ಟಿನ ಮಾತ್ರೆನೂ ಬರಬಹುದು."

"ನೀನು ಕೊಡೋದು ಅಂದ್ಮೇಲೆ ಓದೋದೇನಿದೆಯೇ ಪುಟ್ಟಿ? ಎಲ್ಲಿ ಹಾಕ್ಲಿ, ತೋರಿಸು."

ಎಂಟು ವಾರದಲ್ಲಿ ಚಿಕ್ಕಮ್ಮ ಬೇರೆಯೇ ಹೆಂಗಸಾದಳು. ಹತ್ತರಲ್ಲಿ ಎಂಟು ಎನ್ನುತ್ತಿದ್ದ ನೋವು ಎರಡಕ್ಕೆ ಇಳಿಯಿತು. ಮುಚ್ಚಿಟ್ಟಿದ್ದ ಯಂತ್ರಕ್ಕೆ ಎಣ್ಣೆ ಬಿಟ್ಟಳು. ಶಾಲೆಯೊಂದರ ರಂಗಮಂದಿರಕ್ಕೆ ದಪ್ಪ ಕೆಂಪು ಬಟ್ಟೆಯ ಹದಿನಾರು ಪರದೆ ಹೊಲಿದುಕೊಡಲು ಒಪ್ಪಿಕೊಂಡೂ ಬಿಟ್ಟಳು. "ನನ್ನ ಪುಟ್ಟಿ ಕಂಡುಹಿಡಿದ ಮಾತ್ರೆ" ಎಂದು ಬೀದಿಯವರಿಗೆಲ್ಲ ಡಂಗುರ ಸಾರಿದಳು.

ಪಟ್ಟಿಯ ಬೀಗ ತೆಗೆದ ದಿನ ಸಂಶೋಧಕಿ ಮೊದಲು ನೋಡಿದ್ದು ಅರವತ್ತನೆಯ ಸಾಲನ್ನು. ಖಾಲಿ ಮಾತ್ರೆ.

ಅವಳಿಗೆ ಖುಷಿಯಾಯಿತು. ಮುಚ್ಚಿಟ್ಟು ಫಲವಿಲ್ಲ, ನಿಜವಾಗಿಯೂ ಖುಷಿಯಾಯಿತು. ಹಿಟ್ಟಿನ ಮಾತ್ರೆಗೆ ನೋವು ಯಾಕೆ ಇಳಿಯುತ್ತದೆ ಎಂಬುದೇ ಅವಳು ಓದುವ ಕಾಲದಿಂದ ಬೆನ್ನು ಹತ್ತಿದ್ದ ಪ್ರಶ್ನೆ. ಇಷ್ಟು ದೊಡ್ಡ ಇಳಿತ ಆ ಅರವತ್ತು ಜನರಲ್ಲಿ ಇನ್ನಾರಿಗೂ ಆಗಿರಲಿಲ್ಲ. ಅದು ಚಿಕ್ಕಮ್ಮ ಎಂಬುದು ನೆನಪಾದದ್ದು ಆಮೇಲೆ.

ಅವತ್ತೇ ಹೇಳಬಹುದಿತ್ತು. ಹೇಳಲೆಂದೇ ಹೋದಳು. ಚಿಕ್ಕಮ್ಮ ಸ್ಟೂಲಿನ ಮೇಲೆ ನಿಂತು ಪರದೆಯ ಉದ್ದ ಅಳೆಯುತ್ತಿದ್ದಳು. ಎರಡು ವರ್ಷದಿಂದ ಸ್ಟೂಲು ಹತ್ತದವಳು! "ಪುಟ್ಟಿ, ಮಾತ್ರೆ ಮುಗೀತಾ ಬಂತು ಕಣೇ. ಇನ್ನೂ ಸಿಗುತ್ತೆ ತಾನೇ?" ಎಂದಳು. ಸಂಶೋಧಕಿಯ ಬಾಯಿಂದ "ಸಿಗುತ್ತೆ" ಎಂದೇ ಬಂತು. ಮಾರನೆಯ ದಿನ ವಿಭಾಗದಲ್ಲಿ ಉಳಿದಿದ್ದ ಖಾಲಿ ಮಾತ್ರೆಯ ಎರಡು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಬಂದು ಕೊಟ್ಟಳು.

ಅಷ್ಟಕ್ಕೇ ನಿಂತಿದ್ದರೆ, ಪ್ರೀತಿಯಿಂದ ಮಾಡಿದ್ದು ಎಂದು ತನ್ನನ್ನು ತಾನು ನಂಬಿಸಿಕೊಳ್ಳುತ್ತಿದ್ದಳೇನೋ. ಆದರೆ ಪ್ರತಿ ಭಾನುವಾರ ಚಿಕ್ಕಮ್ಮನ ಮನೆಗೆ ಹೋದಾಗ, ಊಟಕ್ಕೆ ಕೂತಲ್ಲೇ "ನೋವು ಈಗ ಎಷ್ಟಿದೆ?" ಎಂದು ಕೇಳುವಳು, ತನ್ನ ಮನೆಗೆ ಮರಳಿದವಳೇ ನೀಲಿ ಪುಸ್ತಕದಲ್ಲಿ ಬರೆಯುವಳು. ಎಷ್ಟು ಮೆಟ್ಟಿಲು ಹತ್ತಿದಳು, ಎಷ್ಟು ಹೊತ್ತು ಯಂತ್ರ ತುಳಿದಳು. ಪುಟದ ತಲೆಯ ಮೇಲೆ ಚಿಕ್ಕಮ್ಮನ ಹೆಸರಿರಲಿಲ್ಲ. 'ಅರವತ್ತು' ಎಂದಿತ್ತು.

ಡಬ್ಬಿ ಕೊಟ್ಟ ಐದನೆಯ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಅವಳನ್ನು ಕೂಗಿದರು. ತಳ್ಳುಮಂಚದ ಮೇಲೆ ಚಿಕ್ಕಮ್ಮನ ಮೇಲಿನ ಮನೆಯಲ್ಲಿದ್ದ ಗಡಿಯಾರ ರಿಪೇರಿಯವರು ಮಲಗಿದ್ದರು. ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದರಂತೆ. ಮೂತ್ರಪಿಂಡದಲ್ಲಿ ಕಲ್ಲು, ಅದರಿಂದ ಸೋಂಕು ತಗುಲಿ ಜ್ವರ ಏರಿತ್ತು.

"ಬೆನ್ನು ನೋವು ಅಂತ ತಿಂಗಳ ಹಿಂದೇನೇ ಇಲ್ಲಿಗೆ ಬರೋನಿದ್ದೆ, ಡಾಕ್ಟ್ರಮ್ಮ" ಎಂದರು ಅವರು. "ನಿಮ್ಮ ಚಿಕ್ಕಮ್ಮ ಬಿಡ್ಲಿಲ್ಲ. ತಮ್ಮ ಮಾತ್ರೆಲೇ ಅರ್ಧ ಕೊಟ್ರು. ನಿಮ್ಮದೇ ಔಷಧ ಅಂತಲ್ಲ. ಹತ್ತು ದಿನ ಹೂ ಎತ್ತಿದ ಹಾಗೆ ಇತ್ತು ನೋಡಿ. ಅದಕ್ಕೇ ಬರ್ಲಿಲ್ಲ."

ಅವರು ದೂರುತ್ತಿರಲಿಲ್ಲ, ಕೃತಜ್ಞತೆಯಿಂದಲೇ ಹೇಳುತ್ತಿದ್ದರು. ಸಂಶೋಧಕಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅಂದು ಮಧ್ಯಾಹ್ನವೇ ಅವರ ವೈದ್ಯರಿಗೆ ಮಾತ್ರೆಯ ವಿಷಯ ಹೇಳಿದಳು. ಆಮೇಲೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, 'ಅರವತ್ತು' ಎಂದರೆ ತನ್ನ ಚಿಕ್ಕಮ್ಮನೇ ಎಂದು ಹೇಳಿ ನೀಲಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಮುಖ್ಯಸ್ಥರು ಓದುತ್ತ ಹೋದಂತೆ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು.

"ನಿಮ್ಮ ಚಿಕ್ಕಮ್ಮನಿಗೆ ಗೊತ್ತಾ?"

"ಇಲ್ಲ, ಸರ್."

"ಮೊದಲು ಅಲ್ಲಿಗೆ ಹೋಗಿ. ನನ್ನ ಹತ್ರ ಬರೋಕೆ ಮುಂಚೆ ಅಲ್ಲಿಗೇ ಹೋಗ್ಬೇಕಿತ್ತು ನೀವು."

ಚಿಕ್ಕಮ್ಮ ಒಂಬತ್ತನೆಯ ಪರದೆಯ ಅಂಚು ಮಡಚುತ್ತಿದ್ದಳು. ಸಂಶೋಧಕಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು: ಅರ್ಜಿಯಲ್ಲಿ ಬರೆದ ಸುಳ್ಳು, ಹಿಟ್ಟು, ಡಬ್ಬಿಗಳು, ಭಾನುವಾರದ ಲೆಕ್ಕ, ಮೇಲಿನ ಮನೆಯವರ ಜ್ವರ. ಚಿಕ್ಕಮ್ಮನ ಕೈ ನಿಂತಿತು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದಳು.

"ಅಯ್ಯೋ, ಅವರಿಗೆ ಕೊಟ್ಟೋಳು ನಾನಲ್ಲವೇನೇ. ಈಗ ಹೇಗಿದ್ದಾರೆ?"

"ಉಳ್ಕೊಂಡಿದ್ದಾರೆ. ಜ್ವರ ಇಳೀತಾ ಇದೆ."

ಚಿಕ್ಕಮ್ಮ ಉಸಿರು ಬಿಟ್ಟಳು. ಪರದೆಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು: "ಹಾಗಾದ್ರೆ ನನ್ನ ನೋವು ಸುಳ್ಳಾ? ಇಲ್ಲಾಂದ್ರೆ ವಾಸಿಯಾಗಿದ್ದು ಸುಳ್ಳಾ?"

"ಎರಡೂ ಸುಳ್ಳಲ್ಲ ಚಿಕ್ಕಮ್ಮ. ನಂಬಿಕೆ ಬಂದಾಗ ಮೆದುಳು ತಾನೇ ನೋವು ತಗ್ಗಿಸೋ ರಸ ಬಿಡುತ್ತೆ. ಆ ರಸಕ್ಕೆ ಅಡ್ಡ ಬರೋ ಮದ್ದು ಕೊಟ್ಟು ನೋಡಿದ್ದಾರೆ. ಆಗ ಎಷ್ಟೋ ಜನಕ್ಕೆ ಹಿಟ್ಟಿನ ಮಾತ್ರೆ ಕೆಲಸ ಮಾಡಲ್ಲ. ಅಷ್ಟು ಗೊತ್ತು. ಒಬ್ಬರಿಗೆ ಆಗೋದು ಇನ್ನೊಬ್ಬರಿಗೆ ಯಾಕಾಗಲ್ಲ, ಎಷ್ಟು ದಿನ ಇರುತ್ತೆ, ಅದು ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಅದನ್ನ ತಿಳ್ಕೊಳ್ಳೋಕೆ ನಾನು ಬೇಕಾದೆ."

"ನಿನಗೆ ವಾಸಿಯಾಗ್ಲಿ ಅಂತಲೂ ಇತ್ತು…"

"ಅಂತಲೂ" ಎಂದಳು ಚಿಕ್ಕಮ್ಮ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. "ಕೇಳಿದ್ರೆ ನಾನೇ ಬರ್ತಿದ್ದೆ ಪುಟ್ಟಿ. ಹಿಟ್ಟು ಅಂತ ಹೇಳೇ ಕೊಟ್ಟಿದ್ರೂ ತಿಂತಿದ್ದೆ."

ಹತ್ತು ದಿನಗಳಲ್ಲಿ ನೋವು ಮರಳಿ ಬಂತು. ಮೊದಲಿಗಿಂತ ಜೋರಾಗಿಯೇ ಬಂತು. ಪ್ರಬಂಧದಿಂದ ಅರವತ್ತನೆಯ ಸಾಲು ತೆಗೆಯಲಾಯಿತು. ಪ್ರಕಟಣೆ ನಿಂತಿತು. ಎರಡು ವರ್ಷ ರೋಗಿಗಳ ಮೇಲೆ ಯಾವ ಪರೀಕ್ಷೆಯನ್ನೂ ನಡೆಸಕೂಡದೆಂದು ಸಂಶೋಧಕಿಗೆ ಪತ್ರ ಬಂತು. ಅವಳು ಎದುರು ಮಾತಾಡದೆ ಸಹಿ ಹಾಕಿದಳು. ಆ ಶಿಕ್ಷೆಯಿಂದ ಎದೆಯ ಭಾರ ಇಳಿದೀತೆಂದು ಒಳಗೊಳಗೇ ಆಸೆಯಿತ್ತು. ಇಳಿಯಲಿಲ್ಲ.

ಚಿಕ್ಕಮ್ಮ ಬೇರೊಂದು ಆಸ್ಪತ್ರೆಯಲ್ಲಿ ಬೇರೊಬ್ಬ ವೈದ್ಯರನ್ನು ಕಂಡಳು. ಅವರು ತೊಡೆಗೆ ಬಲ ಬರುವ ವ್ಯಾಯಾಮ ಹೇಳಿಕೊಟ್ಟರು, ನಿಜವಾದ ಮಾತ್ರೆಯನ್ನೂ ಕೊಟ್ಟರು. ಗಡಿಯಾರದವರು ಚೇತರಿಸಿಕೊಂಡು ಮನೆಗೆ ಮರಳಿದರು. ಆದರೆ ಚಿಕ್ಕಮ್ಮ ಏನು ಕೊಟ್ಟರೂ, ನೀರೇ ಆಗಲಿ, "ಇದ್ರಲ್ಲೇನಿದೆ ತಾಯಿ?" ಎಂದು ತಮಾಷೆ ಮಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಸಂಶೋಧಕಿಗೆ ನಗು ಬರುತ್ತಿರಲಿಲ್ಲ.

ಭಾನುವಾರ ಹೋಗುವುದನ್ನು ಮಾತ್ರ ಅವಳು ಬಿಡಲಿಲ್ಲ. ಪರದೆಗಳಿನ್ನೂ ಏಳು ಉಳಿದಿದ್ದವು. ಚಿಕ್ಕಮ್ಮ ಕತ್ತರಿಸಿ ಸೂಜಿ ಚುಚ್ಚಿ ಕೊಟ್ಟದ್ದನ್ನು ಅವಳು ಯಂತ್ರಕ್ಕೆ ಕೂತು ತುಳಿಯುತ್ತಿದ್ದಳು. ಹೊಲಿಗೆ ಸೊಟ್ಟಗಾದರೆ ಚಿಕ್ಕಮ್ಮ ಬಿಚ್ಚಿ ಮತ್ತೆ ಅವಳ ಕೈಗೇ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಚಿಕ್ಕಮ್ಮ ನೆಲದಿಂದ ಏಳಲಾರದೆ ಮೇಜಿನ ಕಾಲು ಹಿಡಿದು ಹಲ್ಲು ಕಚ್ಚಿದಳು. ಸಂಶೋಧಕಿ ತಟ್ಟನೆ ಕೇಳಿಬಿಟ್ಟಳು: "ತುಂಬಾ ನೋವಾ?"

ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು. "ಅದನ್ನ ಕೇಳ್ಬೇಡ ಪುಟ್ಟಿ. ಕೇಳ್ತಿರೋದು ಮಗಳಾ, ಡಾಕ್ಟ್ರಾ ಅಂತ ಈಗ ನನಗೆ ತಿಳಿಯೋದಿಲ್ಲ."

ಸಂಶೋಧಕಿ ಯಂತ್ರ ಬಿಟ್ಟು ಎದ್ದಳು. ಚಿಕ್ಕಮ್ಮನ ಕಂಕುಳಿಗೆ ಕೈ ಕೊಟ್ಟಳು. ಚಿಕ್ಕಮ್ಮ ಆ ಕೈಯನ್ನು ದೂಡಲಿಲ್ಲ. ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ನಿಧಾನವಾಗಿ ಎದ್ದು ನಿಂತು, "ಆ ಕತ್ತರಿ ಕೊಡು" ಎಂದಳು.